ಉಳ್ಳಾಗಡ್ಡಿ ಇಲ್ಲ, ಬಳ್ಳೊಳ್ಳಿ ಇಲ್ಲ, ಖಾರನೂ ಇಲ್ಲ: ಸ್ಲೋ ಕುಕ್ಕರ್‌ನ್ಯಾಗ ಕೋಳಿ ಸಾರು ಮಾಡಿದ ಅನುಭವ

ಡಾಕ್ಟರ್ ನಿಮಗ ಲೋ ಫಾಡ್‌ಮ್ಯಾಪ್ ಡಯಟ್, ಅಂದ್ರ ಹೊಟ್ಟ್ಯಾಗ ಗ್ಯಾಸ್ ಮಾಡೂ ಕೆಲವು ಪದಾರ್ಥ ಬಿಡೂ ಪಥ್ಯ, ಅಂತ ಬರದುಕೊಟ್ಟಿದ್ರ, ಮತ್ತ ನೀವು ನಮ್ಮ ಹುಬ್ಬಳ್ಳಿ ಧಾರವಾಡ ಕಡೆಯವ್ರ ಇದ್ರ, ಅದ್ರಾಗೂ ಕೋಳಿ ಬಿಟ್ಟು ಇರಾಕ ಆಗಂಗಿಲ್ಲ ಅನ್ನವ್ರಿದ್ರ, ಇದನ್ನ ಪೂರ್ತಿ ಓದ್ರಿ. ನಾ ಸದ್ಯ ಆ ಡಯಟಿನ ಮೊದಲನೇ ಹಂತ ಮುಗಿಸೇನಿ. ನೆಟ್‌ನ್ಯಾಗ ಹುಡುಕಿದ್ರ ಸಿಗೂದೆಲ್ಲಾ ಆವಕಾಡೊ, ಜುಕಿನಿ, ಕ್ವಿನೋವಾ. ದುರ್ಗದಬೈಲ್ ಮಾರ್ಕೆಟ್‌ನ್ಯಾಗ ಚೀಲಾ ಹಿಡ್ಕೊಂಡು ನಿಂತಾಗ ಅದ್ಯಾವುದೂ ಉಪಯೋಗಕ್ಕ ಬರಂಗಿಲ್ಲ, ಅದಕ ಬರಿಯಾಕತ್ತೇನಿ.

ನನ್ನ ಹೊಟ್ಟಿ ಕಥಿ ಜಾಸ್ತಿ ಹೇಳಂಗಿಲ್ಲ. ಮನಿ ನವನಗರ, ಕೆಲಸ ಧಾರವಾಡದಾಗ, ದಿನಾ ಚಿಗರಿ ಬಸ್ಸಿನ್ಯಾಗ ಓಡಾಟ. ಮುಂಜಾನೆ ಚಪಾತಿ ಪಲ್ಯ ತಿಂದು ಬಸ್ ಹತ್ತಿದ್ರ ಸತ್ತೂರು ದಾಟೂದ್ರಾಗ ಹೊಟ್ಟಿ ಉಬ್ಬಿ, ಒಳಗ ಗುಡುಗುಡು ಶುರುವಾಗಿ, ಜುಬಿಲಿ ಸರ್ಕಲ್ ಯಾವಾಗ ಬರ್ತೈತೋ ಅಂತ ಕಂಬಿ ಹಿಡ್ಕೊಂಡು ಬೆವರೂದು. ವರ್ಷಗಟ್ಟಲೆ ಗ್ಯಾಸ್ ಗುಳಿಗಿ, ಓಮಿನ ನೀರು, ಮಜ್ಜಗಿ, ಯಾರ್ಯಾರೋ ಹೇಳಿದ್ದೆಲ್ಲಾ ಆತು. ಕಡೀಕ ಹೊಟ್ಟಿ ಸ್ಪೆಷಲಿಸ್ಟ್ ಹತ್ರ ಹೋದೆ.

ಅಲ್ಲಿ ಕಾಯೂದ ಒಂದು ದೊಡ್ಡ ಕೆಲಸ. ಟೋಕನ್ ತಗೊಂಡು ಕುಂತ್ರ ಮಧ್ಯಾಹ್ನ ಆಗ್ತೈತಿ, ಒಳಗ ಹೋದ್ರ ಐದು ನಿಮಿಷದಾಗ ಟೆಸ್ಟಿನ ಚೀಟಿ ಕೊಟ್ಟು ಕಳಸ್ತಾರ. ರಕ್ತ, ಥೈರಾಯ್ಡ್, ಸ್ಟೂಲ್, ಸೋನೋಗ್ರಫಿ, ಆಮ್ಯಾಲೆ ಒಳಗ ಕೊಳವಿ ಬಿಟ್ಟು ನೋಡೂ ಸ್ಕೋಪ್. ಒಂದು ಸ್ಯಾಂಪಲ್ ಬ್ಯಾರೆ ಊರಿನ ಲ್ಯಾಬಿಗೆ ಹೋಗಬೇಕಂತ, ಅದರ ರಿಪೋರ್ಟ್ ಬರೂತನಾ ಮುಂದಿನ ಮಾತು ಇಲ್ಲ. ಎಲ್ಲಾ ಸೇರಿ 20,000 ರೂಪಾಯಿ ಹತ್ರ ಹೋತು. ಹಳೇ ರಿಪೋರ್ಟ್ ಎಲ್ಲಾ ತಾರೀಖಿನ ಪ್ರಕಾರ ಒಂದ ಫೈಲ್‌ನ್ಯಾಗ ಹಚ್ಚಿ ಒಯ್ರಿ, ಇಲ್ಲಂದ್ರ ಮಾಡಿದ್ದ ಟೆಸ್ಟ್ ಮತ್ತೊಮ್ಮೆ ಮಾಡಸ್ತಾರ.

ಇಲ್ಲೊಂದು ಮಾತು ಮೊದಲ ಹೇಳಿಬಿಡ್ತೇನಿ, ಯಾಕಂದ್ರ ಇದು ನನಗ ಡಯಟಿಶಿಯನ್ ಹೇಳಿದ್ದರಾಗ ಎಲ್ಲಾಕ್ಕಿಂತ ಮುಖ್ಯ. ಸೀಲಿಯಾಕ್ ಅನ್ನೂ ರೋಗ, ಅಂದ್ರ ಗೋಧಿಯಾಗಿನ ಗ್ಲುಟನ್ ದೇಹಕ್ಕ ಆಗದಿರೂದು, ಅದರ ರಕ್ತ ಪರೀಕ್ಷಾ ಮಾಡಿಸೂತನಾ ಗೋಧಿ ಬಿಡಬ್ಯಾಡ್ರಿ. ಚಪಾತಿ ಬಿಟ್ಟು ಕೆಲವು ವಾರ ಆದಮ್ಯಾಲೆ ಟೆಸ್ಟ್ ಮಾಡಿಸಿದ್ರ ರೋಗ ಇದ್ರೂ ಇಲ್ಲ ಅಂತ ಬರಬಹುದು. ತಾವ ಗೂಗಲ್ ನೋಡಿ ಮೊದಲ ಚಪಾತಿ ಬಿಟ್ಟು ಆಮ್ಯಾಲೆ ಡಾಕ್ಟರ್ ಹತ್ರ ಬರವ್ರು ಭಾಳ ಮಂದಿ ಅಂತ ಅವ್ರ ಹೇಳಿದ್ರು.

ನನ್ನ ರಿಪೋರ್ಟ್ ಎಲ್ಲಾ ನಾರ್ಮಲ್. ಖರೇ ಹೇಳ್ತೇನಿ, ನಾರ್ಮಲ್ ಅಂದಾಗ ಖುಷಿ ಆಗಲಿಲ್ಲ, ಸಿಟ್ಟ ಬಂತು. ಇಷ್ಟು ತ್ರಾಸ ಆಗೂದು ಮತ್ತ ಏನೂ ಇಲ್ಲ ಅನ್ನೂದು! ಡಾಕ್ಟರ್ ಅಂದ್ರು, ಏನೂ ಇಲ್ಲ ಅಂತಲ್ಲ, ಇದು ಐಬಿಎಸ್, ಅಂದ್ರ ಇರಿಟೇಬಲ್ ಬವೆಲ್ ಸಿಂಡ್ರೋಮ್, ಕರಳು ಕಾಣಾಕ ಛಲೋ ಐತಿ ಆದ್ರ ನಡಿಯೂ ರೀತಿ ಸರಿ ಇಲ್ಲ. ಡಯಟ್ ಮಾಡ್ರಿ ಅಂದು ಪಕ್ಕದ ಡಯಟಿಶಿಯನ್ ರೂಮಿಗೆ ಕಳಿಸಿದ್ರು.

ಪಕ್ಕದ ರೂಮಿನ್ಯಾಗ ಸಿಕ್ಕಿದ್ದು ಇಂಗ್ಲಿಷ್‌ನ್ಯಾಗ ಪ್ರಿಂಟ್ ಮಾಡಿದ ಎರಡು ಹಾಳಿ. ಈ ಫಾಡ್‌ಮ್ಯಾಪ್ ಅನ್ನೂ ಹೆಸರು 2005ರಾಗ ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಮೊನಾಶ್ ಯೂನಿವರ್ಸಿಟಿಯವ್ರು ಇಟ್ಟಿದ್ದು. ಕೆಲವು ಥರದ ಸಕ್ಕರಿ ಮತ್ತ ನಾರು ಸಣ್ಣ ಕರಳಿನ್ಯಾಗ ಪೂರ್ತಿ ಹೀರಿಕೊಳ್ಳಂಗಿಲ್ಲ, ಅಲ್ಲೇ ನೀರು ಎಳಕೊಂತಾವು, ಹಂಗ ಮುಂದ ದೊಡ್ಡ ಕರಳಿಗೆ ಹೋಗ್ತಾವು, ಅಲ್ಲಿ ಬ್ಯಾಕ್ಟೀರಿಯಾ ಅದನ್ನ ತಿಂದು ಗ್ಯಾಸ್ ಮಾಡ್ತಾವು. ಎಲ್ಲಾರಿಗೂ ಹಂಗ ಆಗೂದ, ಆದ್ರ ನಮ್ಮಂಥವ್ರ ಕರಳು ಅದಕ್ಕ ದೊಡ್ಡ ಗದ್ದಲಾ ಮಾಡ್ತೈತಿ. ಸರಿ, ಯಾವ್ಯಾವು ಬಿಡಬೇಕು ಅಂತ ನೋಡಿದ್ರ ಉಳ್ಳಾಗಡ್ಡಿ, ಬಳ್ಳೊಳ್ಳಿ, ಗೋಧಿ, ಕಡ್ಲಿ, ಬ್ಯಾಳಿ, ಹಾಲು, ಗೋಡಂಬಿ. ಗಿರ್ಮಿಟ್ ಹೋತು, ಮಿರ್ಚಿ ಹೋತು, ಪೇಡೆ ಹೋತು, ಚಹಾದಾಗಿನ ಹಾಲು ಹೋತು. ಖಾರದ ಮಾಂಸದಡಿಗಿಯ ಸಾವಜಿ ಖಾನಾವಳಿಯ ಕಡೆ ಹೊಳ್ಳಿ ನೋಡೂದೂ ಬ್ಯಾಡ. ಅದರ ಮ್ಯಾಲೆ ನನಗ ಖಾರನೂ ಕಮ್ಮಿ ಮಾಡ್ರಿ ಅಂತ ಪೆನ್ನಿಂದ ಬ್ಯಾರೆ ಬರದಿದ್ರು. ಖಾರ ಫಾಡ್‌ಮ್ಯಾಪ್ ಅಲ್ಲ, ಆದ್ರ ಮೆಣಸಿನಕಾಯ್ಯಾಗಿನ ಕ್ಯಾಪ್ಸೈಸಿನ್ ಅನ್ನೂ ಖಾರದ ಅಂಶ ಸೂಕ್ಷ್ಮ ಕರಳನ್ನ ಕೆರಳಸ್ತೈತಿ.

ನಮ್ಮವ್ವಗ ಓದಿ ಹೇಳಿದೆ. ಅಕಿ ಎಲ್ಲಾ ಕೇಳಿ, "ಉಳ್ಳಾಗಡ್ಡಿ ಬಳ್ಳೊಳ್ಳಿ ಖಾರ ಇಲ್ದ ಕೋಳಿ ಸಾರು ಅಂದ್ರ ಕೋಳಿ ಮೈ ತೊಳದ ನೀರು ಇದ್ದಂಗ" ಅಂದ್ಲು. ಆ ಮಾತು ಸುಳ್ಳು ಮಾಡಬೇಕು ಅನ್ನೂದ ನನ್ನ ಹಠ ಆತು.

ಆದ್ರ ಬಿಟ್ಟಿದ್ದರ ಪಟ್ಟಿ ನೋಡಿ ಅಳೂದರ ಬದಲಿ ಉಳದಿದ್ದರ ಪಟ್ಟಿ ನೋಡ್ರಿ, ನಮ್ಮ ಕಡೆಯವ್ರಿಗೆ ಅಷ್ಟೇನು ಕೆಟ್ಟ ಇಲ್ಲ. ಜೋಳದ ರೊಟ್ಟಿ ನಡೀತೈತಿ! ಅನ್ನ ನಡೀತೈತಿ. ಶೇಂಗಾ ಒಂದು ಮುಷ್ಟಿ ನಡೀತೈತಿ. ಬಟಾಟಿ, ಗಜ್ಜರಿ, ಅಲ್ಲ, ಅರಿಷಿಣ, ಜೀರಗಿ, ಹವೀಜ, ಕೊತ್ತಂಬ್ರಿ, ಕರಿಬೇವು, ಲಿಂಬಿಹಣ್ಣು ನಡೀತಾವು. ಟೊಮ್ಯಾಟೊ ಸ್ವಲ್ಪ. ಕೋಳಿ, ತತ್ತಿ, ಮೀನು ಎಷ್ಟ ಬೇಕಾದಷ್ಟ, ಯಾಕಂದ್ರ ಅದ್ರಾಗ ಈ ಸಕ್ಕರಿ ಇರೂದ ಇಲ್ಲ. ಮೊನಾಶ್‌ದವ್ರ ಆ್ಯಪ್ ಐತಿ, ಒಂದ ಸಲ ರೊಕ್ಕಾ ಕೊಟ್ಟು ತಗೋಬೇಕು, ಪ್ರತಿಯೊಂದಕ್ಕೂ ಹಸರು ಹಳದಿ ಕೆಂಪು ದೀಪ ತೋರಸ್ತೈತಿ, ಎಷ್ಟು ಗ್ರಾಂ ಅಂತನೂ ಹೇಳ್ತೈತಿ. ಆ ರೊಕ್ಕಾ ದಂಡ ಅಲ್ಲ.

ಇನ್ನ ಸ್ಲೋ ಕುಕ್ಕರ್, ಅಂದ್ರ ಕರೆಂಟಿನ ಮ್ಯಾಲೆ ಸಣ್ಣ ಶಾಖದಾಗ ತಾಸುಗಟ್ಟಲೆ ಬೇಯಸೂ ಪಾತ್ರಿ, ಯಾಕ ಅಂತ ಕೇಳಬಹುದು. ಪ್ರೆಶರ್ ಕುಕ್ಕರ್‌ನ್ಯಾಗ ಮೂರು ಸೀಟಿಗೆ ಆಗೂ ಕೆಲಸ. ಖರೇ, ಆಗ್ತೈತಿ, ಸ್ಲೋ ಕುಕ್ಕರ್ ಇಲ್ಲಂದ್ರ ಅದ್ರಾಗ ಮಾಡ್ರಿ, ಏನೂ ಕಳಕೊಳ್ಳಂಗಿಲ್ಲ. ನನ್ನ ಕಥಿ ಏನಂದ್ರ ಸಂಜೀಕ ಮನಿ ಮುಟ್ಟೂದ್ರಾಗ ಏಳೂವರಿ, ಅವ್ವಗ ಮೊಣಕಾಲ ನೋವು, ಅಕಿಗೆ ಒಲಿ ಮುಂದ ನಿಲ್ಲಾಕ ಹಚ್ಚೂದು ನನಗ ಬ್ಯಾಡ. ಹೊರಗ ತಿನ್ನಾಕಂತೂ ಬರಂಗಿಲ್ಲ. ಅಮೆರಿಕಾದಿಂದ ಬಂದ ಕಾಕಾನ ಮಗ ಒಂದು ಸ್ಲೋ ಕುಕ್ಕರ್ ಬಿಟ್ಟು ಹೋಗಿದ್ದ, ಅಟ್ಟದ ಮ್ಯಾಲೆ ಡಬ್ಬಿ ಒಡೀದಂಗ ಕುಂತಿತ್ತು. ಮುಂಜಾನೆ ಹಚ್ಚಿ ಹೋದ್ರ ಸಂಜೀಕ ಸಾರು ತಯಾರ್ ಅಂತ ಅಂದ್ಕೊಂಡೆ.

ಇಲ್ಲಿ ಹುಷಾರ್ ಇರ್ರಿ. ಅಲ್ಲಿ ಕರೆಂಟ್ 120 ವೋಲ್ಟ್, ನಮ್ಮದು 230. ಕುಕ್ಕರ್ ಹೊಳ್ಳಿ ಹಾಕಿ ತಳದಾಗಿನ ಚೀಟಿ ನೋಡ್ರಿ, ನನ್ನದ್ರಾಗ 120 ವೋಲ್ಟ್ 210 ವ್ಯಾಟ್ ಅಂತ ಇತ್ತು. ಹಂಗ ನಮ್ಮ ಪ್ಲಗ್ಗಿಗೆ ಹಚ್ಚಿದ್ರ ಸುಮಾರು ಮೂರೂವರಿ ಪಟ್ಟಿಗಿಂತ ಜಾಸ್ತಿ ಶಾಖ ಎಳೀತೈತಿ, ಕಾಯ್ಲ್ ಸುಟ್ಟು ಹೋಗ್ತೈತಿ, ಬೆಂಕಿನೂ ಹತ್ತಬಹುದು. ಕೊಪ್ಪಿಕರ್ ರೋಡಿನ ಒಂದು ಅಂಗಡ್ಯಾಗ ಕೇಳಿದ್ರ ಅಂವಾ ಪಿನ್ ಬದಲಿ ಮಾಡೂ ಸಣ್ಣ ಅಡಾಪ್ಟರ್ ಕೊಟ್ಟು "ಇದ ಸಾರ್, ಎಲ್ಲಾರೂ ಇದ್ನ ಒಯ್ತಾರ" ಅಂದ. ಅದು ಬರೇ ಪಿನ್ನಿನ ಆಕಾರ ಬದಲಿ ಮಾಡ್ತೈತಿ, ವೋಲ್ಟೇಜ್ ಅಲ್ಲ. ಬೇಕಾಗಿದ್ದು ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್, 230ರಿಂದ 110ಕ್ಕ ಇಳಸೂ ಅಂಥಾದ್ದು, ಕುಕ್ಕರಿನ ವ್ಯಾಟಿಗಿಂತ ಡಬಲ್ ತಾಕತ್ತಿಂದು ತಗೊಂಡ್ರ ಬಿಸಿ ಆಗಂಗಿಲ್ಲ. ನಾ 500 ವ್ಯಾಟಿಂದು ತರಸಿದೆ, ಸ್ಟಾಕ್ ಇಲ್ಲ ಅಂತ ಕಾಯಿಸಿದ್ರು, 2,000ದ ಒಳಗ ಬಂತು. ಕಬ್ಬಣದ ಗಡ್ಡಿ, ಎತ್ತಿ ತರೂದ್ರಾಗ ಕೈ ಸೋಲ್ತು. ಹೊಸಾದು ತಗೊಳ್ಳವ್ರು ಸುಮ್ಕ ನಮ್ಮ ದೇಶದ 230 ವೋಲ್ಟಿನ ಸ್ಲೋ ಕುಕ್ಕರ್ ಆನ್‌ಲೈನ್ ತಗೋರಿ, ಈ ತ್ರಾಸ ಬ್ಯಾಡ.

ಆಮ್ಯಾಲೆ ಮಸಾಲಿ. ಇದ್ರಾಗ ನನ್ನ ತಲಿ ಕೆಟ್ಟಿದ್ದು ಭಾಳ. ಕಿರಾಣಿ ಅಂಗಡ್ಯಾಗ ನಿಂತು ಪಾಕೀಟ್ ಹೊಳ್ಳಿಸಿ ಸಣ್ಣ ಅಕ್ಷರ ಓದಿದ್ರ ಚಿಕನ್ ಮಸಾಲಿ ಅನ್ನೂದ್ರಾಗೆಲ್ಲಾ ಉಳ್ಳಾಗಡ್ಡಿ ಪುಡಿ, ಬಳ್ಳೊಳ್ಳಿ ಪುಡಿ. ಮನ್ಯಾಗಿನ ಮಸಾಲಿ ಖಾರದಾಗೂ ಅವ್ವ ಬಳ್ಳೊಳ್ಳಿ ಹುರದು ಹಾಕಿರ್ತಾಳ, ಅದೂ ಬಂದ್. ಇಂಗರ ಹಾಕೂಣು ಅಂದ್ರ ಅಂಗಡ್ಯಾಗ ಸಿಗೂ ಇಂಗಿನ ಡಬ್ಬಿ ಭಾಳಷ್ಟು ಗೋಧಿ ಹಿಟ್ಟು ಬೆರಸಿದ್ದ ಇರ್ತಾವು. ಚಿಟಿಕಿ ಇಂಗಿನ್ಯಾಗಿನ ಗೋಧಿ ಫಾಡ್‌ಮ್ಯಾಪ್ ಲೆಕ್ಕದಾಗ ದೊಡ್ಡದಲ್ಲ, ಆದ್ರ ಸೀಲಿಯಾಕ್ ಇದ್ದವ್ರು ಮುಟ್ಟಬಾರದು, ಅವ್ರು ಅಕ್ಕಿ ಹಿಟ್ಟು ಬೆರಸಿದ್ದು ಹುಡಕಿ ತರ್ರಿ. ಈ ಫರಕ ತಿಳಕೋರಿ: ನಮ್ಮದು ಅಲರ್ಜಿ ಅಲ್ಲ, ಪ್ರಮಾಣದ ಆಟ. ಅವ್ವನ ಸಾರಿನ ಸೌಟು ನನ್ನ ಸಾರಿಗೆ ತಾಗಿತು ಅಂತ ಮನ್ಯಾಗ ಜಗಳಾ ಮಾಡೂ ಕಾರಣ ಇಲ್ಲ.

ಖಾರದ ವಿಷಯಕ್ಕ ನಮಗ ಪುಣ್ಯಾ ಐತಿ, ಬ್ಯಾಡಗಿ ಮೆಣಸಿನಕಾಯಿ ಹಾವೇರಿ ಜಿಲ್ಲಾದಾಗ ನಮ್ಮ ಬಾಜೂಕ ಐತಿ. 2011ರಾಗ ಜಿಐ ಟ್ಯಾಗ್, ಅಂದ್ರ ಈ ಊರಿಂದ ಅನ್ನೂ ಸರಕಾರಿ ಗುರುತು, ಸಿಕ್ಕಿದ್ದು ಅದಕ್ಕ, ಬಣ್ಣ ಜಾಸ್ತಿ ಖಾರ ಕಮ್ಮಿ ಅನ್ನೂದ ಅದರ ಹೆಚ್ಚುಗಾರಿಕಿ, ಲಿಪ್‌ಸ್ಟಿಕ್ ನೇಲ್ ಪಾಲಿಶಿಗೂ ಅದರ ಬಣ್ಣ ಹೋಗ್ತೈತಿ. ಅದ್ರಾಗ ಕಡ್ಡಿ, ಡಬ್ಬಿ ಅಂತ ಎರಡು ಥರ, ಡಬ್ಬಿ ಗಿಡ್ಡ ದಪ್ಪ ಇರ್ತೈತಿ, ಖಾರ ಇನ್ನೂ ಕಮ್ಮಿ. ಹಾವೇರಿ ಕಡೆ ಬೀಗರ ಹತ್ರ ಹೇಳಿ ಡಬ್ಬಿನ ತರಸಿದೆ. ಸೀಳಿ ಬೀಜ ಕೊಡವಿ, ಒಳಗಿನ ಬಿಳಿ ನಾರು ಪೂರ್ತಿ ಕೆರದು ತಗೀರಿ. ಖಾರ ಇರೂದು ಬೀಜಕ್ಕಿಂತ ಆ ನಾರಿನ್ಯಾಗ. ಬಿಸಿನೀರಾಗ ಅರ್ಧಾ ತಾಸು ನೆನಸಿ ನುಣ್ಣಗ ರುಬ್ಬಿದ್ರ ಕೆಂಪಗ ಹೊಳಿಯೂ ಪೇಸ್ಟ್ ಬರ್ತೈತಿ, ನಾಲಿಗಿಗೆ ಸುರ್ ಅನ್ನೂದೂ ಇಲ್ಲ. ಕಣ್ಣಿಗೆ ಸಾವಜಿ ಸಾರು ಕಂಡ್ರ ಅರ್ಧಾ ಸಮಾಧಾನ ಆಗ್ತೈತಿ ನೋಡ್ರಿ.

ಬಳ್ಳೊಳ್ಳಿ ಬಗ್ಗೆ ಡಯಟಿಶಿಯನ್ ಹೇಳಿದ ಒಂದು ಸಂಗತಿ ನನ್ನ ಅಡಿಗೀನ ಉಳಸ್ತು. ಬಳ್ಳೊಳ್ಳಿ, ಉಳ್ಳಾಗಡ್ಡ್ಯಾಗ ನಮಗ ಆಗದಿರೂದು ಫ್ರಕ್ಟಾನ್ ಅನ್ನೂದು. ಅದು ನೀರಾಗ ಕರಗ್ತೈತಿ, ಎಣ್ಯಾಗ ಕರಗಂಗಿಲ್ಲ. ವಾಸನಿ ಮಾತ್ರ ಎಣ್ಣಿಗೆ ಇಳೀತೈತಿ. ಅಂದ್ರ ಎಣ್ಯಾಗ ಬಳ್ಳೊಳ್ಳಿ ಎಸಳು ಹುರದು, ಸೋಸಿ, ಎಸಳು ತಗದು ಒಗದ್ರ ಆ ಎಣ್ಣಿ ನಮಗ ನಡೀತೈತಿ. ಆದ್ರ ಸಾರಿನ್ಯಾಗ ಇಡೀ ಉಳ್ಳಾಗಡ್ಡಿ ಬಿಟ್ಟು ಕುದಿಸಿ ಆಮ್ಯಾಲೆ ತಗದ್ರ ನಡಿಯಂಗಿಲ್ಲ, ಅಷ್ಟೊತ್ತಿಗೆ ಎಲ್ಲಾ ನೀರಿಗೆ ಬಿಟ್ಟಿರ್ತೈತಿ, ಸ್ಲೋ ಕುಕ್ಕರ್‌ನ್ಯಾಗ ಆರಾರು ತಾಸು ಕುಂತ್ರಂತೂ ಕೇಳೂದ ಬ್ಯಾಡ. ನಮ್ಮ ಮನಿಗೆ ಬಂದವ್ರೆಲ್ಲಾ "ಸುಮ್ಕ ಒಂದು ಉಳ್ಳಾಗಡ್ಡಿ ಹಾಕಿ ತಗದುಬಿಡ್ರಿ, ಗೊತ್ತಾಗಂಗಿಲ್ಲ" ಅಂತಿದ್ರು. ನಾಲಿಗಿಗೆ ಗೊತ್ತಾಗಂಗಿಲ್ಲ, ಹೊಟ್ಟಿಗೆ ಗೊತ್ತಾಗ್ತೈತಿ.

ಆ ಎಣ್ಣಿ ಮಾಡಿ ಹೊರಗ ಕಟ್ಟಿ ಮ್ಯಾಲೆ ಇಡಬ್ಯಾಡ್ರಿ. ಎಣ್ಯಾಗಿನ ಬಳ್ಳೊಳ್ಳ್ಯಾಗ ಬಾಟುಲಿಸಂ ಅನ್ನೂ ರೋಗ ತರೂ ವಿಷದ ಬ್ಯಾಕ್ಟೀರಿಯಾ ಬೆಳೀಬಹುದು. ಅವತ್ತಿಗೆ ಬೇಕಾದಷ್ಟ ಮಾಡೂದು ಛಲೋ, ಉಳದ್ರ ಫ್ರಿಜ್ಜಿನ್ಯಾಗ ಇಟ್ಟು ಎರಡ ಮೂರು ದಿನದಾಗ ಖಾಲಿ ಮಾಡೂದು. ಉಳ್ಳಾಗಡ್ಡಿ ಬದಲಿಗೆ ಉಳ್ಳಾಗಡ್ಡಿ ತಪ್ಪಲ, ಆದ್ರ ಹಸರು ಭಾಗ ಅಷ್ಟ, ಕೆಳಗಿನ ಬಿಳಿ ಗಡ್ಡಿ ಅವ್ವಗ ಕೊಡ್ರಿ.

ಈಗ ಅಡಿಗಿ. ಕೋಳಿ ಮುಕ್ಕಾಲು ಕೆಜಿ, ಎಲುಬು ಇದ್ದ ತೊಡಿ ಕಾಲಿನ ತುಂಡ, ಚರ್ಮ ತಗಸಿ. ಎದಿ ಭಾಗ ತಗೋಬ್ಯಾಡ್ರಿ, ಅಷ್ಟೊತ್ತು ಬೆಂದ್ರ ಹಿಂಜಿದ ಹತ್ತಿ ಆಗ್ತೈತಿ. ಅಂಗಡಿಯಂವಗ ಸಣ್ಣ ತುಂಡ ಮಾಡಬ್ಯಾಡ ಅಂತ ಮೊದಲ ಹೇಳ್ರಿ, ಅವ್ರ ಕೈ ನಿಲ್ಲಂಗಿಲ್ಲ. ಫ್ರೀಜರಿನ ಗಡ್ಡಿ ಕೋಳಿ ಹಂಗ ಸ್ಲೋ ಕುಕ್ಕರಿಗೆ ಹಾಕಬಾರದು, ಬಿಸಿ ಏರೂದು ತಡಾ ಆಗಿ ಕೆಡ್ತೈತಿ.

ಪಾತ್ರಿ ತಳದಾಗ ಎರಡು ಬಟಾಟಿ, ಎರಡು ಗಜ್ಜರಿ ದಪ್ಪ ಹೆಚ್ಚಿ ಹಾಕ್ರಿ, ಯಾಕಂದ್ರ ಇದ್ರಾಗ ಕೋಳಿಗಿಂತ ಗಡ್ಡಿ ಬೇಯೂದು ತಡಾ. ಒಲಿ ಮ್ಯಾಲೆ ಸಣ್ಣ ಪಾತ್ರ್ಯಾಗ ಮೂರು ಚಮಚಾ ಬಳ್ಳೊಳ್ಳಿ ಎಣ್ಣಿ ಕಾಯಿಸಿ ಜೀರಗಿ, ಕರಿಬೇವು, ಜಜ್ಜಿದ ಅಲ್ಲ, ಸಣ್ಣ ತುಂಡ ಚಕ್ಕಿ, ಎರಡು ಲವಂಗ, ಆಮ್ಯಾಲೆ ಮೆಣಸಿನಕಾಯಿ ಪೇಸ್ಟ್, ಅರಿಷಿಣ, ಎರಡು ಚಮಚಾ ಹವೀಜದ ಪುಡಿ, ಹೆಚ್ಚಿದ ಒಂದು ಸಣ್ಣ ಟೊಮ್ಯಾಟೊ ಹಾಕಿ ಎಣ್ಣಿ ಬಿಡೂತನಾ ಹುರೀರಿ. ಈ ಹುರಿಯೂದು ಬಿಟ್ರ ಏನೂ ಇಲ್ಲ. ಸ್ಲೋ ಕುಕ್ಕರ್ ಬರೇ ಬೇಯಸ್ತೈತಿ, ಹುರಿಯಂಗಿಲ್ಲ, ಎಲ್ಲಾ ಒಟ್ಟ ಹಾಕಿ ಮುಚ್ಚಿಬಿಡ್ರಿ ಅನ್ನೂ ವಿಡಿಯೋ ನಂಬಬ್ಯಾಡ್ರಿ, ಹಸಿ ವಾಸನಿ ಹೋಗಂಗ ಇಲ್ಲ. ಕೋಳಿನೂ ಅದ್ರಾಗ ನಾಕು ನಿಮಿಷ ಹೊಳ್ಳಾಡಿಸಿ, ಉಪ್ಪು ಹಾಕಿ, ಗಜ್ಜರಿ ಮ್ಯಾಲೆ ಹಾಕ್ರಿ. ನೀರು ಬರೇ ಅರ್ಧಾ ಕಪ್, ಬಿಸಿದು. ಮುಚ್ಚಳದೊಳಗಿನ ಹಬಿ ಹೊರಗ ಹೋಗಂಗಿಲ್ಲ, ಕೋಳಿ ತನ್ನ ನೀರು ತಾನ ಬಿಡ್ತೈತಿ. ತಣ್ಣಗಿನ ಪಿಂಗಾಣಿ ಪಾತ್ರಿಗೆ ಕುದಿಯೂ ನೀರು ಒಮ್ಮೆಲೆ ಸುರೀಬ್ಯಾಡ್ರಿ, ಸೀಳ್ತೈತಿ.

ಲೋ ಇಟ್ರ ಆರು ತಾಸು, ಹೈ ಇಟ್ರ ಮೂರೂವರಿ. ನಡುವ ಮುಚ್ಚಳ ತಗದು ನೋಡೂ ಚಟಾ ಬಿಡ್ರಿ, ಒಮ್ಮೆ ತಗದ್ರ ಅರ್ಧಾ ತಾಸಿನ ಶಾಖ ಹೋಗ್ತೈತಿ. ನಮ್ಮವ್ವಗ ಇದು ತಡಕೊಳ್ಳಾಕ ಆಗಲಿಲ್ಲ, ಕುದಿಯೂ ಸಪ್ಪಳ ಇಲ್ಲ, ಸೀಟಿ ಇಲ್ಲ, ಅಡಿಗಿ ನಡದೈತೋ ಇಲ್ಲೋ ಅಂತ ತಾಸಿಗೊಮ್ಮೆ ನನಗ ಫೋನ್. ಮೊದಲ ಸಲ ಮಾಡೂದು ರಜಾ ದಿನ ಮನ್ಯಾಗ ಇದ್ದಾಗ ಮಾಡ್ರಿ, ನಿಮ್ಮ ಕುಕ್ಕರಿನ ಗುಣಾ ಗೊತ್ತಾಗ್ತೈತಿ.

ಇಳಿಸೂಕ್ಕಿಂತ ಮೊದಲ ಹುರದ ಶೇಂಗಾ ಪುಡಿ ಎರಡು ಚಮಚಾ ಹಾಕಿದ್ರ ಸಾರು ಗಟ್ಟಿ ಆಗ್ತೈತಿ, ಗೋಡಂಬಿ ನೆನಪ ಆಗಂಗಿಲ್ಲ. ಆದ್ರೂ ಬಾಯಾಗ ಇಟ್ಟಾಗ ಏನೋ ಕಮ್ಮಿ ಅನಸ್ತೈತಿ. ತಾಸುಗಟ್ಟಲೆ ಬೆಂದ ಮಸಾಲಿ ಘಮ ಕಳಕೊಂಡಿರ್ತೈತಿ. ಅದಕ ಕಡೀಕ ಇನ್ನೊಂದು ಒಗ್ಗರಣಿ: ಒಂದು ಚಮಚಾ ಬಳ್ಳೊಳ್ಳಿ ಎಣ್ಣಿ, ಕುಟ್ಟಿದ ಕರಿಮೆಣಸು ನಾಕ ಕಾಳು, ಉಳ್ಳಾಗಡ್ಡಿ ತಪ್ಪಲದ ಹಸರು ಸಣ್ಣಗ ಹೆಚ್ಚಿದ್ದು, ಅರ್ಧಾ ಲಿಂಬಿಹಣ್ಣು, ಕೊತ್ತಂಬ್ರಿ. ಈ ಎರಡನೇ ಒಗ್ಗರಣಿ ಚುಂಯ್ ಅಂತ ಬಿದ್ದಾಗ ಅವ್ವ ಒಳಗಿನ ಖೋಲಿಯಿಂದ ಎದ್ದು ಬಂದ್ಲು, ಅಷ್ಟ ಹೇಳ್ತೇನಿ. ರೊಟ್ಟಿ ಮುರದು ಅದ್ದಿ ತಿಂದ್ಲು, ಏನೂ ಅನ್ನಲಿಲ್ಲ, ಇನ್ನೊಂದು ಸೌಟು ಹಾಕ್ಕೊಂಡ್ಲು. ಬಾಜೂಕ ಕೆಂಪ ಖಾರ ಅಂತೂ ಇಟ್ಕೊಂಡಿದ್ಲು ಬಿಡ್ರಿ.

ಕರೆಂಟಿನ ಮಾತು. ಒಂದು ಮಳಿ ದಿನ ಮಧ್ಯಾಹ್ನ ಕರೆಂಟ್ ಹೋತು, ನಾ ಧಾರವಾಡದಾಗ. ಅವ್ವ ಮನ್ಯಾಗ ಇದ್ದಿದ್ದಕ್ಕ ಕೂಡಲೆ ಗ್ಯಾಸಿನ ಮ್ಯಾಲೆ ಬ್ಯಾರೆ ಪಾತ್ರ್ಯಾಗ ಸುರದು ಕುದಿಸಿ ಮುಗಿಸಿದ್ಲು, ಹಂಗ ಮಾಡೂದ ಸರಿ. ಮನ್ಯಾಗ ಯಾರೂ ಇಲ್ದಾಗ ಅರ್ಧಕ್ಕ ಕರೆಂಟ್ ಹೋಗಿ ಎಷ್ಟೊತ್ತು ಆತು ಅನ್ನೂದ ಗೊತ್ತಿಲ್ಲಂದ್ರ, ನೋಡಾಕ ಬೆಂದಂಗ ಕಂಡ್ರೂ ಚೆಲ್ಲಿಬಿಡ್ರಿ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವ ಎರಡು ತಾಸಿಗಿಂತ ಜಾಸ್ತಿ ಕುಂತ ಕೋಳಿ ನಂಬಾಕ ಬರಂಗಿಲ್ಲ. ನನ್ನದು ತಿರುವೂ ಗುಂಡಿಂದು, ಕರೆಂಟ್ ಹೊಳ್ಳಿ ಬಂದ್ರ ತಾನ ಚಾಲೂ ಆಗ್ತೈತಿ, ಅದಕ ಹೋಗಿತ್ತು ಅನ್ನೂದ ತಿಳಿಯಂಗಿಲ್ಲ. ಒಂದು ಅಡಿಗಿ ಥರ್ಮಾಮೀಟರ್ ತಗೋರಿ, ದಪ್ಪ ತುಂಡಿನ ನಡುವ ಚುಚ್ಚಿದಾಗ 74 ಡಿಗ್ರಿ ತೋರಿಸಬೇಕು.

ಹೊಟ್ಟಿ ಹೆಂಗಾತು ಅಂತ ಕೇಳಿದ್ರ, ಮೊದಲ ವಾರ ಏನೂ ಫರಕ ಕಾಣಲಿಲ್ಲ, ಬಿಟ್ಟುಬಿಡೂಣು ಅನಸಿತ್ತು. ಆಮ್ಯಾಲೆ ಒಂದು ದಿನ ಬಸ್ಸಿನ್ಯಾಗ ಕುಂತು ಸತ್ತೂರು ದಾಟಿದ್ದ ನೆನಪ ಇಲ್ದಂಗ ಜುಬಿಲಿ ಸರ್ಕಲ್ ಬಂದಿತ್ತು. ಎಲ್ಲಾರಿಗೂ ಹಿಂಗ ಆಗ್ತೈತಿ ಅಂತಲ್ಲ, ಕೆಲವ್ರಿಗೆ ಈ ಡಯಟಿನಿಂದ ಏನೂ ಆಗಂಗಿಲ್ಲ ಅಂತ ಡಾಕ್ಟರ್ ಮೊದಲ ಹೇಳಿದ್ರು. ತ್ರಾಸ ಆಗಿದ್ದು ಮಂದಿ ನಡುವ. ಮದವಿ, ಗೃಹಪ್ರವೇಶ, ಎಲ್ಲಿ ಹೋದ್ರೂ ಬರೇ ಅನ್ನ ಮೊಸರಿಲ್ದ ತಿನ್ನೂದು, "ಯಾಕ, ಶುಗರ್ ಬಂತೇನು" ಅನ್ನೂ ಪ್ರಶ್ನೆ. ಹೌದು ಅಂದುಬಿಡ್ತಿದ್ದೆ, ಫಾಡ್‌ಮ್ಯಾಪ್ ತಿಳಸೂದಕ್ಕಿಂತ ಅದು ಹಗುರ.

ಇದನ್ನ ಜೀವನಪೂರ್ತಿ ಮಾಡಾಕ ಹೋಗಬ್ಯಾಡ್ರಿ. ಪೂರ್ತಿ ಬಿಡೂ ಹಂತ ಎರಡರಿಂದ ಆರು ವಾರ ಅಷ್ಟ, ಆಮ್ಯಾಲೆ ಒಂದೊಂದ ಗುಂಪಿಂದು ಸ್ವಲ್ಪ ಸ್ವಲ್ಪ ತಿಂದು ಮೂರು ದಿನ ನೋಡಬೇಕು, ನಡುವ ಒಂದೆರಡು ದಿನ ಬಿಡುವು ಕೊಡಬೇಕು, ಒಂದು ವಹಿಯೊಳಗ ಬರದು ಇಡಬೇಕು. ನನಗ ಹಾಲು ಒಂದು ಕಪ್ ಚಹಾದಷ್ಟು ನಡಿಯಾಕತ್ತೈತಿ. ಈಗ ಗೋಧಿ ಚಾಲೂ ಐತಿ, ಅರ್ಧಾ ಚಪಾತಿಯಿಂದ. ಕೋಳಿ ಸಾರು ಮಾತ್ರ ಇದ ರೀತಿ ಮಾಡಾಕತ್ತೇನಿ, ಯಾಕಂದ್ರ ಬಳ್ಳೊಳ್ಳಿ ಟೆಸ್ಟ್ ಇನ್ನೂ ಬಾಕಿ, ಉಳ್ಳಾಗಡ್ಡಿ ಅದಾದಮ್ಯಾಲೆ. ಬಳ್ಳೊಳ್ಳಿ ಟೆಸ್ಟ್ ಶನಿವಾರ ಶುರು ಮಾಡ್ರಿ ಅಂತ ಡಯಟಿಶಿಯನ್ ಹೇಳ್ಯಾರ, ಬಸ್ ಹತ್ತೂ ದಿನ ಬ್ಯಾಡ ಅಂತ.